ಸೀಲಿಯಾಕ್ ಕಾಯಿಲೆ: ಹದಿಹರೆಯದವರಿಗೂ ಪೋಷಕರಿಗೂ ನಡವಳಿಕೆಯ ನೆರವು (ಇತಿಹಾಸ)

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೊಟೀನಿನ ವಿರುದ್ಧ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಸಣ್ಣ ಕರುಳಿನ ಒಳಪದರವನ್ನು ಹಾಳುಗೆಡಹುವ ಕಾಯಿಲೆ ಸೀಲಿಯಾಕ್. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಕುಂಠಿತ ಬೆಳವಣಿಗೆ, ತಡವಾಗುವ ಪ್ರಾಯ ಇದರ ಸಾಮಾನ್ಯ ಲಕ್ಷಣಗಳು. ಇದನ್ನು ಗುಣಪಡಿಸುವ ಮಾತ್ರೆಯಿಲ್ಲ. ಬದುಕಿರುವಷ್ಟು ಕಾಲ ಗ್ಲುಟೆನ್ ಬಿಡುವ ಪಥ್ಯವೇ ಚಿಕಿತ್ಸೆ. ಪಥ್ಯ ಯಾವುದೆಂದು ವೈದ್ಯರಿಗೆ 1950ರ ಹೊತ್ತಿಗೇ ಗೊತ್ತಾಗಿತ್ತು. ಆದರೆ ಹದಿನಾಲ್ಕರ ಹುಡುಗಿ ಗೆಳತಿಯರ ಜೊತೆ ಬೇಕರಿ ಮುಂದೆ ನಿಂತಾಗ ಆ ಪಥ್ಯವನ್ನು ಹೇಗೆ ಉಳಿಸಿಕೊಳ್ಳಬೇಕು, ಅವಳ ತಾಯಿ ಕಾವಲು ಕಾಯುವುದನ್ನು ಯಾವಾಗ ಸಡಿಲಿಸಬೇಕು ಎಂದು ಕೇಳುವುದಕ್ಕೆ ಇನ್ನೂ ಐವತ್ತು ವರ್ಷ ಹಿಡಿಯಿತು. ಆ ತಡವಾದ ಪ್ರಶ್ನೆಯ ಚರಿತ್ರೆಯನ್ನು, ಕಡೂರು ತಾಲ್ಲೂಕಿನ ದೇವನೂರು, ಪಕ್ಕದ ತರೀಕೆರೆ ಮತ್ತು ಅಜ್ಜಂಪುರ ಸೀಮೆಯ ಊಟದ ಹಿನ್ನೆಲೆಯಲ್ಲಿ ಇಲ್ಲಿ ಕೊಟ್ಟಿದೆ.

ಪಥ್ಯ ಸಿಕ್ಕಿದ ಬಗೆ

ತಿಂದದ್ದು ಮೈಗೆ ಹತ್ತದೆ ಸೊರಗುವ ರೋಗಿಗಳನ್ನು ಕ್ರಿಸ್ತಶಕದ ಆರಂಭದ ಶತಮಾನಗಳಲ್ಲೇ ಕಪ್ಪಡೋಸಿಯದ ಗ್ರೀಕ್ ವೈದ್ಯ ಅರಿಟಿಯಸ್ ವರ್ಣಿಸಿದ್ದ. ಮಕ್ಕಳಲ್ಲಿ ಕಾಣುವ ರೋಗದ ಆಧುನಿಕ ವಿವರಣೆ ಲಂಡನ್ನಿನ ಸ್ಯಾಮ್ಯುಯೆಲ್ ಗೀ 1888ರಲ್ಲಿ ಪ್ರಕಟಿಸಿದ್ದು. ವಾಸಿಯಾಗುವುದಿದ್ದರೆ ಊಟದಿಂದಲೇ ಎಂದು ಅವರು ಊಹಿಸಿದರಾದರೂ ಯಾವ ಊಟ ಎಂಬುದು ಅವರಿಗೆ ಹೊಳೆಯಲಿಲ್ಲ. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ಹೇಳಿದರು. ಮಕ್ಕಳು ಚೇತರಿಸಿಕೊಂಡರು, ಕಾರಣ ಮಾತ್ರ ತಪ್ಪಾಗಿ ತಿಳಿಯಿತು. ಬಾಳೆಹಣ್ಣಿನಲ್ಲಿ ವಿಶೇಷ ಗುಣವೇನೂ ಇರಲಿಲ್ಲ, ಆ ಪಥ್ಯದಲ್ಲಿ ಗೋಧಿ ಇರಲಿಲ್ಲ ಅಷ್ಟೇ. ಗುಣವಾಯಿತೆಂದುಕೊಂಡು ದೊಡ್ಡವರಾದ ಮೇಲೆ ಬ್ರೆಡ್ಡಿಗೆ ಮರಳಿದವರಲ್ಲಿ ಕಾಯಿಲೆಯೂ ಮರಳಿತು.

ನಿಜವಾದ ಕಾರಣ ಹಿಡಿದವರು ಡಚ್ ಮಕ್ಕಳ ತಜ್ಞ ವಿಲ್ಲೆಮ್ ಡಿಕ್. ಬ್ರೆಡ್ ಬಿಟ್ಟರೆ ಮಗುವಿನ ಮೈಮೇಲಿನ ಗಂಧೆ ಇಳಿಯುತ್ತದೆ ಎಂದು ಒಬ್ಬ ತಾಯಿ ಆಡಿದ ಮಾತು ಅವರ ಕಿವಿಗೆ ಬಿದ್ದು, 1930ರ ದಶಕದ ಮಧ್ಯದಲ್ಲೇ ಗೋಧಿಯಿಲ್ಲದ ಊಟದ ಪ್ರಯೋಗ ಶುರುವಾಯಿತೆಂದು ದಾಖಲೆಯಿದೆ. 1944–45ರ ಚಳಿಗಾಲದಲ್ಲಿ ಹಾಲೆಂಡಿಗೆ ಬಂದೆರಗಿದ ಬರಗಾಲದಲ್ಲಿ ಬ್ರೆಡ್ ಇಲ್ಲವಾದಾಗ ಈ ಮಕ್ಕಳು ಚೇತರಿಸಿಕೊಂಡದ್ದು ಅವರ ನಂಬಿಕೆಯನ್ನು ಗಟ್ಟಿಮಾಡಿತು. ಯುಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಅವರು ಮಹಾಪ್ರಬಂಧ ಸಲ್ಲಿಸಿದ್ದು 1950ರಲ್ಲಿ. ಈ ಶೋಧದ ಮೊದಲ ಸುಳಿವು ಕೊಟ್ಟವಳು ಅಡುಗೆಮನೆಯಲ್ಲಿ ಮಗುವನ್ನು ಗಮನಿಸುತ್ತಿದ್ದ ತಾಯಿ ಎಂಬುದನ್ನು ಮರೆಯಬಾರದು. ಏಕೆಂದರೆ ಅದೇ ವರ್ಷಗಳಲ್ಲಿ ಅಮೆರಿಕದ ಕೆಲವು ಮನೋವೈದ್ಯರು ಈ ರೋಗದ ಬೇರನ್ನು ಮಗುವಿನ ಭಾವನೆಗಳಲ್ಲಿ, ತಾಯಿ–ಮಗುವಿನ ಸಂಬಂಧದಲ್ಲಿ ಹುಡುಕುತ್ತಿದ್ದರು. ಡೇನ್ ಪ್ರೂ ಇಂಥದೊಂದು ವರದಿಯನ್ನು 1951ರಲ್ಲಿ ಪ್ರಕಟಿಸಿದರು. ಮಗುವಿನ ಕಿರಿಕಿರಿ, ಮಂಕುತನಗಳು ರೋಗದಿಂದ ಬಂದವೇ ಹೊರತು ರೋಗ ಅವುಗಳಿಂದ ಬಂದದ್ದಲ್ಲ. ಆಮೇಲೆ ಮನಶ್ಶಾಸ್ತ್ರ ಈ ಕಾಯಿಲೆಯ ಹತ್ತಿರ ಮತ್ತೆ ಬರುವಾಗ ಎಚ್ಚರದಿಂದ ಬರಬೇಕಾಯಿತು: ನೆರವು ಎಂಬುದು ಮತ್ತೆ ತಾಯಿಯ ತಲೆಗೆ ತಪ್ಪು ಕಟ್ಟುವಂತಾಗಬಾರದು.

ಹದಿಹರೆಯ ಕಣ್ಣಿಗೆ ಬಿದ್ದದ್ದು

ಬಹುಕಾಲ ಸೀಲಿಯಾಕನ್ನು ಚಿಕ್ಕಮಕ್ಕಳ ಕಾಯಿಲೆಯೆಂದೇ ಎಣಿಸಿದ್ದರು. ಪ್ರಾಯ ಬಂದಾಗ ಲಕ್ಷಣಗಳು ಅಡಗುವುದನ್ನು ಕಂಡು ರೋಗವೇ ಹೋಯಿತೆಂದು ಪಥ್ಯ ಬಿಡಿಸಿದ ವೈದ್ಯರೂ ಇದ್ದರು. 1956ರಲ್ಲಿ ಮಾರ್ಗಟ್ ಶೈನರ್ ಬಾಯಿಯ ಮೂಲಕ ನಳಿಕೆ ಇಳಿಸಿ ಸಣ್ಣ ಕರುಳಿನ ಚೂರನ್ನು ತೆಗೆಯುವ ವಿಧಾನ ತೋರಿಸಿದ ಮೇಲೆ, ಹೊರಗೆ ಆರೋಗ್ಯವಾಗಿ ಕಾಣುವವರ ಕರುಳೂ ಒಳಗೆ ಸವೆದಿರಬಹುದು ಎಂಬುದು ಕಣ್ಣಿಗೆ ಕಂಡಿತು. 1969ರಲ್ಲಿ ಯೂರೋಪಿನ ಮಕ್ಕಳ ಜಠರರೋಗ ತಜ್ಞರು ರೂಪಿಸಿದ ನಿಯಮದಂತೆ, ಚೇತರಿಸಿಕೊಂಡ ಮಗುವಿಗೆ ಮತ್ತೆ ಗೋಧಿ ತಿನ್ನಿಸಿ ಕರುಳನ್ನು ಪರೀಕ್ಷಿಸಬೇಕಿತ್ತು. 1990ರಲ್ಲಿ ಆ ನಿಯಮ ಸಡಿಲವಾಯಿತು. ಅಲ್ಲಿಯವರೆಗೆ, ಜೀವಮಾನವಿಡೀ ಮುಟ್ಟಬೇಡ ಎಂದ ವೈದ್ಯರೇ ಈಗ ತಿನ್ನು ಎನ್ನುವುದನ್ನು ಮಕ್ಕಳು ಕೇಳಬೇಕಾಗಿತ್ತು. ಪಥ್ಯದ ಮೇಲಿನ ಭರವಸೆ ಅಲ್ಲಾಡಲು ಇಷ್ಟು ಸಾಕು.

ರೋಗಿಗಳು ತಾವೇ ಕೂಡಿಕೊಂಡದ್ದು ಮೊದಲ ನಿಜವಾದ ನೆರವು. ಬ್ರಿಟನ್ನಿನಲ್ಲಿ 1968ರಲ್ಲಿ ಸೀಲಿಯಾಕ್ ಸೊಸೈಟಿ ಹುಟ್ಟಿತು. ಸ್ಥಾಪಕರಲ್ಲಿ ಒಬ್ಬರು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಕಟ್ಟಿದ ಪೀಟರ್ ಬೆನೆನ್ಸನ್. ಅವರಿಗೂ ಇದೇ ಕಾಯಿಲೆಯಿತ್ತು. ಯಾವುದನ್ನು ತಿನ್ನಬಹುದು ಎಂಬ ಪಟ್ಟಿ, ಒಬ್ಬರ ಅನುಭವ ಇನ್ನೊಬ್ಬರಿಗೆ ಸಿಗುವ ಸಭೆ: ಇಂಥ ಸಂಘಗಳು ಕೊಟ್ಟದ್ದನ್ನು ಆಸ್ಪತ್ರೆಗಳು ಆಗಿನ್ನೂ ಕೊಡುತ್ತಿರಲಿಲ್ಲ.

1991ರಲ್ಲಿ ‘ಗಟ್’ ಪತ್ರಿಕೆಯಲ್ಲಿ ಬಂದ ಇಟಲಿಯ ಅಧ್ಯಯನ 123 ಹದಿಹರೆಯದವರನ್ನು ನೋಡಿತು. ಕಟ್ಟುನಿಟ್ಟಾಗಿ ಪಥ್ಯ ಹಿಡಿದವರು ಸುಮಾರು ಮೂರನೇ ಎರಡು ಪಾಲು ಮಾತ್ರ. ಸ್ವೀಡನ್ನಿನಲ್ಲಿ 2005–06ರಲ್ಲಿ ಹನ್ನೆರಡರ ಮಕ್ಕಳನ್ನು ಶಾಲೆಗಳಲ್ಲೇ ತಪಾಸಣೆ ಮಾಡಿದರು. ಹಾಗಾಗಿ ಯಾವ ನೋವೂ ಇಲ್ಲದೆ ಆಡಿಕೊಂಡಿದ್ದ ಎಷ್ಟೋ ಮಕ್ಕಳಿಗೆ ಒಂದೇ ದಿನದಲ್ಲಿ ರೋಗಿಯೆಂಬ ಹೆಸರು ಬಂತು. ಉಮೆಯೊ ವಿಶ್ವವಿದ್ಯಾಲಯದ ಸಿಸಿಲಿಯಾ ಓಲ್ಸನ್ ಮತ್ತು ಸಂಗಡಿಗರು ಹದಿಹರೆಯದ ಸೀಲಿಯಾಕ್ ರೋಗಿಗಳನ್ನು ಕೂರಿಸಿ ಮಾತಾಡಿಸಿ 2008, 2009ರಲ್ಲಿ ಬರೆದ ಲೇಖನಗಳು ಈ ವಿಷಯದ ತಿರುವು ಎನ್ನಬೇಕು. ರುಚಿಗಿಂತ, ಬೆಲೆಗಿಂತ ಹೆಚ್ಚಾಗಿ ಆ ಮಕ್ಕಳನ್ನು ಕಾಡಿದ್ದು ಎಲ್ಲರೆದುರು ಬೇರೆ ತಟ್ಟೆ ಹಿಡಿಯುವ ಮುಜುಗರ.

ನೆರವಿನ ವಿಧಾನಗಳು ಮಾತ್ರ ಹೆಚ್ಚಾಗಿ ನೆರೆಯ ಕಾಯಿಲೆಯಿಂದ ಬಂದವು. ಟೈಪ್ 1 ಮಧುಮೇಹದ ಮಕ್ಕಳಲ್ಲಿ ಸೀಲಿಯಾಕ್ ಹೆಚ್ಚು ಕಾಣುತ್ತದೆ. ಅಲ್ಲಿಯೂ ಕೆಲಸವೆಲ್ಲ ಮನೆಯಲ್ಲೇ, ಊಟದ ಹೊತ್ತಿನಲ್ಲೇ ನಡೆಯಬೇಕು. ಅಮೆರಿಕದ ಬಾರ್ಬರಾ ಆಂಡರ್ಸನ್ 1999ರಲ್ಲಿ, ತಂದೆತಾಯಿ ಮತ್ತು ಮಗು ಜವಾಬ್ದಾರಿಯನ್ನು ಹಂಚಿಕೊಂಡು ನಡೆಯುವ ಪದ್ಧತಿಯನ್ನು ಆಸ್ಪತ್ರೆಯ ಮಾಮೂಲಿ ಭೇಟಿಯೊಳಗೇ ಕಲಿಸಬಹುದೆಂದು ತೋರಿಸಿದರು. ಟಿಮ್ ವೈಸೋಕಿ ಇಡೀ ಕುಟುಂಬವನ್ನು ಕೂರಿಸಿ ಜಗಳ ಬಿಡಿಸುವ, ಸಮಸ್ಯೆ ಬಗೆಹರಿಸುವ ನಡವಳಿಕೆ ಚಿಕಿತ್ಸೆಯನ್ನು ಬೆಳೆಸಿದರು. ಸೀಲಿಯಾಕ್‌ನಲ್ಲಿ 2004ರಲ್ಲಿ ಇಟಲಿಯ ಅಡೋಲೊರಾಟೊ ತಂಡ, ಖಿನ್ನತೆ–ಆತಂಕವಿದ್ದ ರೋಗಿಗಳಿಗೆ ಮಾನಸಿಕ ಸಮಾಲೋಚನೆ ಸಿಕ್ಕರೆ ಪಥ್ಯವೂ ನಿಲ್ಲುತ್ತದೆಂದು ಕಂಡಿತು. ಮಕ್ಕಳ ಬಾಯಿಂದಲೇ ಕಷ್ಟವನ್ನು ಅಳೆಯುವ ಪ್ರಶ್ನಾವಳಿ 2008ರಲ್ಲಿ ಹಾಲೆಂಡಿನಿಂದ ಬಂತು. 2016ರ ಪ್ರಾಗ್ ಒಮ್ಮತ ವರದಿ ಮಕ್ಕಳ ವೈದ್ಯರಿಂದ ದೊಡ್ಡವರ ವೈದ್ಯರಿಗೆ ದಾಟಿಸುವ ಕ್ರಮವನ್ನು ಹೇಳಿತು. ದಾಟುವಾಗಲೇ ಕೈತಪ್ಪಿ ಹೋಗುವವರು ಹೆಚ್ಚು.

2018ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಬಂದ ಅಧ್ಯಯನ ಎಲ್ಲರನ್ನೂ ಒಮ್ಮೆ ನಿಲ್ಲಿಸಿ ಯೋಚಿಸುವಂತೆ ಮಾಡಿತು. ಅತಿಯಾದ ಎಚ್ಚರದಲ್ಲಿ ಬದುಕುವ, ಹೊರಗೆ ಏನನ್ನೂ ಮುಟ್ಟದ ರೋಗಿಗಳ ಬದುಕಿನ ನೆಮ್ಮದಿ ಕಡಿಮೆಯಿತ್ತು. ಪಥ್ಯ ಮುರಿಯುವ ಹುಡುಗನಷ್ಟೇ, ಭಯದಿಂದ ಮದುವೆಮನೆಗೇ ಹೋಗದ ಹುಡುಗಿಯೂ ನೆರವಿಗೆ ಅರ್ಹಳು ಎಂಬ ತಿಳಿವಳಿಕೆ ಇಲ್ಲಿಂದ ಗಟ್ಟಿಯಾಯಿತು.

ಭಾರತ: ಉತ್ತರದ ಕಾಯಿಲೆ ಎಂಬ ಮಾತು

ಉತ್ತರ ಭಾರತದ ಮಕ್ಕಳಲ್ಲಿ ಸೀಲಿಯಾಕ್ ಇರುವುದನ್ನು ವಾಲಿಯಾ ಮತ್ತು ಸಂಗಡಿಗರು 1966ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ವರದಿಮಾಡಿದರು. 2011ರಲ್ಲಿ ದೆಹಲಿ ಸುತ್ತಲಿನ ಜನರಲ್ಲಿ ಗೋವಿಂದ ಮಖಾರಿಯಾ ತಂಡ ನಡೆಸಿದ ಸಮೀಕ್ಷೆ 96 ಜನರಲ್ಲಿ ಒಬ್ಬರಿಗೆ ಕಾಯಿಲೆಯಿದೆ ಎಂದಿತು. ಸೀಲಿಯಾಕ್ ಇರುವ ಮಕ್ಕಳ ಪಥ್ಯಪಾಲನೆಯನ್ನೂ ಮನಸ್ಸಿನ ತೊಂದರೆಗಳನ್ನೂ ಒಟ್ಟಿಗೆ ನೋಡಿದ ಅಧ್ಯಯನ ದೆಹಲಿಯಿಂದ 2010ರಲ್ಲಿ ಪ್ರಕಟವಾಯಿತು.

ಕನ್ನಡ ನಾಡಿಗೆ ಮುಖ್ಯವಾದದ್ದು ಬಿ. ಎಸ್. ರಾಮಕೃಷ್ಣ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಸಮೀಕ್ಷೆ. 23,331 ವಯಸ್ಕರನ್ನು ಪರೀಕ್ಷಿಸಿದಾಗ ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಮಂದಿಗೆ ಕಾಯಿಲೆ ಕಂಡಿತು. ಆದರೆ ಕಾಯಿಲೆಗೆ ಎಡೆಮಾಡುವ ವಂಶವಾಹಿಗಳು ದಕ್ಷಿಣದಲ್ಲೂ ನೂರಕ್ಕೆ 36ಕ್ಕೂ ಹೆಚ್ಚು ಜನರಲ್ಲಿದ್ದವು, ಉತ್ತರಕ್ಕಿಂತ ತುಸುವೇ ಕಡಿಮೆ. ದೊಡ್ಡ ಅಂತರ ಗೋಧಿಯಲ್ಲಿತ್ತು: ಉತ್ತರದಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ರಾತ್ರಿ ಊಟಕ್ಕೆ ಚಪಾತಿ ಹೊಕ್ಕಿರುವ, ಹೋಬಳಿ ಕೇಂದ್ರಗಳಲ್ಲೂ ಬೇಕರಿ, ಗೋಬಿ ಮಂಚೂರಿ ಗಾಡಿ ಬಂದಿರುವ ಕಾಲದಲ್ಲಿ ‘ಇದು ನಮ್ಮ ಕಡೆಯ ಕಾಯಿಲೆಯಲ್ಲ’ ಎಂದು ತಳ್ಳಿಹಾಕುವುದು ಸರಿಯಲ್ಲ. ದಕ್ಷಿಣದಲ್ಲಿ ರೋಗಿಗಳು ವಿರಳವಾಗಿರುವುದೇ ಇಲ್ಲಿಯ ಮಗುವಿಗೆ ಹೆಚ್ಚಿನ ಭಾರ. ತನ್ನಂಥ ಇನ್ನೊಬ್ಬರನ್ನು ಶಾಲೆಯಲ್ಲಿ, ಊರಿನಲ್ಲಿ ಅದು ಕಾಣುವುದು ಅಪರೂಪ.

ದೇವನೂರು ಸೀಮೆಯ ಊಟ ಮತ್ತು ಪಥ್ಯ

ದೇವನೂರು ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರೆಂದು ಹೆಸರಾದದ್ದು. ಕಡೂರು, ಅಜ್ಜಂಪುರದ ಬಯಲು ಮಳೆ ಕಡಿಮೆಯ ರಾಗಿಸೀಮೆ. ತರೀಕೆರೆ ಕಡೆ ಭತ್ತ, ಅಡಿಕೆ, ತೆಂಗು. ಪಥ್ಯಕ್ಕೆ ಇದಕ್ಕಿಂತ ಒಳ್ಳೆಯ ನೆಲ ಬೇಡ. ಮುದ್ದೆ, ಅನ್ನ, ಜೋಳದ ರೊಟ್ಟಿ, ನವಣೆ, ಸಾಮೆ, ಅಕ್ಕಿ ತಂಬಿಟ್ಟು, ಒತ್ತು ಶ್ಯಾವಿಗೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಪಾಶ್ಚಾತ್ಯ ಪುಸ್ತಕಗಳು ದುಬಾರಿ ಬ್ರೆಡ್ಡಿನ ಬಗ್ಗೆ ಬರೆಯುವ ಪುಟಗಟ್ಟಲೆ ಸಲಹೆ ಇಲ್ಲಿಯ ತಾಯಂದಿರಿಗೆ ಬೇಕಾಗಿಯೇ ಇಲ್ಲ.

ಇಲ್ಲಿ ತೊಡಕು ಮರೆಯಲ್ಲಿರುವ ಗೋಧಿಯದು. ಅಂಗಡಿಯ ಇಂಗಿಗೆ ಸಾಮಾನ್ಯವಾಗಿ ಮೈದಾ ಸೇರಿರುತ್ತದೆ. ಕೋಡುಬಳೆ, ನಿಪ್ಪಟ್ಟಿಗೆ ಚಿರೋಟಿ ರವೆ ಬೀಳುತ್ತದೆ. ಡಬ್ಬಿಯ ಮಾಲ್ಟ್ ಪುಡಿಯಲ್ಲಿ ಬಾರ್ಲಿ ಇರುತ್ತದೆ. ನಾಟಿ ಗೋಧಿ, ಜವೆಗೋಧಿ ‘ಆರೋಗ್ಯಕ್ಕೆ ಒಳ್ಳೇದು’ ಎಂದು ಕೊಡುವವರುಂಟು. ಅವುಗಳಲ್ಲೂ ಗ್ಲುಟೆನ್ ಇದೆ. ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ರಾಗಿ ಸುರಿದರೆ ಆ ಹಿಟ್ಟು ಶುದ್ಧವಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ ‘ಗ್ಲುಟೆನ್ ಮುಕ್ತ’ ಎಂಬ ಚೀಟಿಗೆ ಇಟ್ಟ ಮಿತಿ ಕಿಲೋಗೆ 20 ಮಿಲಿಗ್ರಾಂ. ಗಿರಣಿಯ ಹಿಟ್ಟಿಗೆ ಚೀಟಿಯೇ ಇಲ್ಲ. ರಾಗಿಯನ್ನು ಬೆಳಗ್ಗೆ ಮೊದಲ ಸರದಿಗೆ ಒಯ್ಯುವುದು, ಅದಕ್ಕೂ ಮುನ್ನ ಮಿಲ್ಲನ್ನು ಚೆನ್ನಾಗಿ ಗುಡಿಸಿ ಒರೆಸುವಂತೆ ಕೇಳುವುದು ಅಪಾಯವನ್ನು ತಗ್ಗಿಸುತ್ತದೆ. ಇನ್ನೂ ಒಳ್ಳೆಯದು ಮನೆಯಲ್ಲೇ ಬೀಸಿಕೊಳ್ಳುವುದು.

ನಡವಳಿಕೆಯ ನೆರವು ನಿಜವಾಗಿ ಬೇಕಾಗುವುದು ಜನ ಸೇರಿದಲ್ಲಿ. ಸತ್ಯನಾರಾಯಣ ಪೂಜೆಯ ಸಪಾದ ತುಪ್ಪದಲ್ಲಿ ಹುರಿದ ಗೋಧಿ ರವೆಯದು. ಅಂಗೈಗೆ ಬಿದ್ದ ಉಂಡೆಯನ್ನು ಬೇಡವೆನ್ನುವುದು ದೇವರಿಗೂ ಹಿರಿಯರಿಗೂ ಅಗೌರವ ಎಂಬ ಅಳುಕು ಮಗುವಿಗಿರುತ್ತದೆ. “ಪ್ರಸಾದ ಕಣವ್ವ, ಒಂಚೂರು ಬಾಯಿಗೆ ಹಾಕ್ಕೋ, ಏನೂ ಆಗಕಿಲ್ಲ” ಎಂದು ಅಜ್ಜಿ ಒತ್ತಾಯಿಸಿದಾಗ ಏನು ಹೇಳಬೇಕೆಂಬುದನ್ನು ಸಮಾಲೋಚಕರು ಮೊದಲೇ ಆಡಿಸಿ ಅಭ್ಯಾಸ ಮಾಡಿಸುತ್ತಾರೆ: “ಅಜ್ಜಿ, ಗೋಧಿ ನನಗಾಗಲ್ಲ, ತೀರ್ಥ, ಬಾಳೆಹಣ್ಣು ಕೊಡಿ, ಕಣ್ಣಿಗೊತ್ಕೊಂಡು ತಿಂತೀನಿ.” ಮಾತು ಚಿಕ್ಕದಾಗಿರಬೇಕು, ಕ್ಷಮೆ ಕೇಳುವಂತಿರಬಾರದು, ಕೈ ಬೇರೇನನ್ನಾದರೂ ತೆಗೆದುಕೊಳ್ಳಬೇಕು. ಗೋಬಿ ಗಾಡಿಯ ಮುಂದೆಯೂ ಇದೇ ತಾಲೀಮು. ಗೆಳೆಯರಲ್ಲಿ ಒಬ್ಬನಿಗಾದರೂ ವಿಷಯ ತಿಳಿದಿದ್ದರೆ ಅರ್ಧ ಭಾರ ಇಳಿಯುತ್ತದೆ.

ಪೋಷಕರಿಗೆ ಕಲಿಸುವುದು ಬೇರೆ. ಮಗ ಕದ್ದು ಪಫ್ ತಿಂದದ್ದು ಗೊತ್ತಾದಾಗ ಗದರಿದರೆ ಮುಂದಿನ ಸಲ ಅವನು ಮುಚ್ಚಿಡುತ್ತಾನೆ, ಮುಚ್ಚಿಟ್ಟದ್ದನ್ನು ಸರಿಪಡಿಸಲಾಗದು. ಎಲ್ಲಿ, ಯಾರ ಜೊತೆ, ಹಸಿವಾಗಿತ್ತೇ ಎಂದು ಕೇಳಿ, ಮುಂದಿನ ಸಲಕ್ಕೆ ಚೀಲದಲ್ಲಿ ಏನಿರಬೇಕೆಂದು ಅವನಿಂದಲೇ ಹೇಳಿಸುವುದು ದಾರಿ. ಗ್ಲುಟೆನ್‌ಗೆ ದೇಹ ತೋರುವ ಪ್ರತಿಕ್ರಿಯೆಯನ್ನು ಅಳೆಯುವ ಟಿಟಿಜಿ ರಕ್ತಪರೀಕ್ಷೆಯ ಅಂಕಿ ತಪ್ಪು ಹಿಡಿಯುವ ಸಾಕ್ಷಿಯಾಗಬಾರದು, ಮಗು ತಾನೇ ಓದಿ ಅರ್ಥಮಾಡಿಕೊಳ್ಳುವ ಲೆಕ್ಕವಾಗಬೇಕು. ಹೈಸ್ಕೂಲಿನಲ್ಲಿ ಅಂಗಡಿ ಚೀಟಿ ಓದುವುದು, ಪಿಯುಸಿ ಹೊತ್ತಿಗೆ ತನ್ನ ಊಟ ತಾನೇ ಬೇಯಿಸಿಕೊಳ್ಳುವುದು ಎಂದು ಜವಾಬ್ದಾರಿ ಹಂತಹಂತವಾಗಿ ದಾಟಿದರೆ ಹಾಸ್ಟೆಲ್ ಸೇರುವ ವೇಳೆಗೆ ತಾಯಿಯ ಕೈ ಸಡಿಲವಾಗಿರುತ್ತದೆ.

ಈ ಕೆಲಸಕ್ಕೆ ಕರ್ನಾಟಕದಲ್ಲಿ ನೆಲೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಶಾಲಾಮಕ್ಕಳಿಗೆ ಜೀವನಕೌಶಲ ಕಲಿಸುವ ಮಾದರಿಯನ್ನು ರೂಪಿಸಿದೆ. ಇಲ್ಲ ಎನ್ನುವುದು, ಒತ್ತಡ ತಾಳುವುದು ಅದರ ಪಾಠಗಳೇ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಹದಿಹರೆಯದವರ ಆಪ್ತಸಮಾಲೋಚನೆಗೆ ಸ್ನೇಹ ಕ್ಲಿನಿಕ್‌ಗಳಿವೆ. ಮನೋಚೈತನ್ಯ ಕಾರ್ಯಕ್ರಮ ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ಕರೆತಂದಿತು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಇವು ಯಾವುವೂ ಸೀಲಿಯಾಕ್‌ಗಾಗಿ ಹುಟ್ಟಿದವಲ್ಲ. ಪಥ್ಯದ ವಿವರ ಬರೆದ ಒಂದು ಹಾಳೆಯನ್ನು ರೋಗ ಪತ್ತೆಮಾಡಿದ ವೈದ್ಯರು ಮಗುವಿನ ಕೈಗೆ ಕನ್ನಡದಲ್ಲಿ ಕೊಟ್ಟು ಕಳಿಸಿದರೆ, ಸ್ನೇಹ ಕ್ಲಿನಿಕ್ಕಿನ ಸಮಾಲೋಚಕರು ಅಲ್ಲಿಂದ ಮುಂದಿನ ಕೆಲಸ ಹಿಡಿಯಬಲ್ಲರು.