ಸೌಳು ಮಣ್ಣಿನಿಂದ ಬ್ಯೂರೆಟ್‌ವರೆಗೆ

ಪಾವಗಡ, ಸಿರಾ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳ ನಿಡುಗಲ್ ಸೀಮೆ ಕಲ್ಲುಬೆಟ್ಟಗಳ ನಾಡು. ಇಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಇಂತಹ ಬಯಲುಸೀಮೆಯ ತಗ್ಗು ನೆಲಗಳಲ್ಲಿ ಬೇಸಿಗೆ ಬಂತೆಂದರೆ ಮಣ್ಣಿನ ಮೇಲೆ ಬೆಳ್ಳನೆಯ ಪುಡಿ ಕಾಣಿಸಿಕೊಳ್ಳುತ್ತದೆ. ಇದೇ ಸೌಳು, ಕೆಲವೆಡೆ ಚೌಳು ಎಂದೂ ಕರೆಯುತ್ತಾರೆ. ಆಮ್ಲ ಮತ್ತು ಪ್ರತ್ಯಾಮ್ಲ ಸೇರಿದರೆ ಲವಣ ಮತ್ತು ನೀರು ಎಂದು ತರಗತಿಯಲ್ಲಿ ಬರೆಯುವ ಸಮೀಕರಣದ ಇತಿಹಾಸಕ್ಕೂ ಈ ಬಿಳಿ ಪುಡಿಗೂ ಹತ್ತಿರದ ನಂಟಿದೆ.

ನೆಲದಿಂದ ಬಂದ ಕ್ಷಾರ

ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫೆಲ್ಡ್‌ಸ್ಪಾರ್ ಖನಿಜ ಶಿಥಿಲವಾದಾಗ ಸೋಡಿಯಂ ಬಿಡುಗಡೆಯಾಗಿ, ಬೈಕಾರ್ಬೋನೇಟಿನೊಂದಿಗೆ ಅಂತರ್ಜಲದಲ್ಲಿ ಉಳಿಯುತ್ತದೆ. ನೀರು ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿ ಆವಿಯಾದರೆ ಸೋಡಿಯಂ ಕಾರ್ಬೋನೇಟ್ ಹಿಂದುಳಿಯುತ್ತದೆ. ಇದರ ಜೊತೆಗೆ ಅಡುಗೆ ಉಪ್ಪು, ಸಲ್ಫೇಟುಗಳೂ ಬೆರೆತಿರುತ್ತವೆ.

ಅಗಸರು ಬಟ್ಟೆಯನ್ನು ಸೌಳು ನೀರಿನಲ್ಲಿ ಅದ್ದಿ, ಉಬ್ಬೆ ಹಾಕಿ, ಹಬೆಯಲ್ಲಿ ಬೇಯಿಸಿ ಒಗೆಯುತ್ತಿದ್ದರು. ಉಪ್ಪಾರರು ಉಪ್ಪುಮಣ್ಣನ್ನು ಕೆರೆದು ನೀರಿನಲ್ಲಿ ಕರಗಿಸಿ, ಸೋಸಿ, ಬಿಸಿಲಿನಲ್ಲಿ ಆವಿಯಾಗಿಸಿ ಉಪ್ಪು ತೆಗೆಯುತ್ತಿದ್ದರು. ಕರಗಿಸುವುದು, ಸೋಸುವುದು, ಆವಿಯಾಗಿಸುವುದು, ಸ್ಫಟಿಕೀಕರಿಸುವುದು: ನಮ್ಮ ಪ್ರಯೋಗಾಲಯದ ಕ್ರಮಗಳೂ ಇವೇ ಅಲ್ಲವೇ? 1800ರಲ್ಲಿ ಮಧುಗಿರಿ, ಸಿರಾಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಇಂತಹ ಕಸುಬುಗಳನ್ನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಬಳೆಗಾಜಿಗೂ ಮಣ್ಣಿನ ಸೋಡವೇ ಬೇಕಾಗಿತ್ತು.

ಎಷ್ಟು ಕ್ಷಾರವಿದೆ?

ಸೌಳಿನಲ್ಲಿ ಕ್ಷಾರವೆಷ್ಟು, ಬರಿಯ ಉಪ್ಪು ಮತ್ತು ಮಣ್ಣೆಷ್ಟು? ನೋಡಿ ಹೇಳಲಾಗದು. ಯುರೋಪಿನ ಬಟ್ಟೆ ಬಿಳಿಚುವವರಿಗೂ ಇದೇ ತೊಡಕು. ಅವರು ಬಳಸುತ್ತಿದ್ದ ಬೂದಿಯ ಕ್ಷಾರದ ಗುಣಮಟ್ಟ ಒಂದೊಂದು ಸಲ ಒಂದೊಂದು ಬಗೆ. 1756ರಲ್ಲಿ ಸ್ಕಾಟ್ಲೆಂಡಿನ ಫ್ರಾನ್ಸಿಸ್ ಹೋಮ್ ಒಂದು ಉಪಾಯ ಹೂಡಿದ. ತೂಗಿದ ಕ್ಷಾರಕ್ಕೆ ಸಾರರಿಕ್ತ ನೈಟ್ರಿಕ್ ಆಮ್ಲವನ್ನು ಚಮಚದಿಂದ ಹಾಕುತ್ತಾ, ನೊರೆ ಉಕ್ಕುವುದು ನಿಲ್ಲುವವರೆಗೆ ಚಮಚಗಳನ್ನು ಎಣಿಸಿದ. ಹೆಚ್ಚು ಚಮಚ ಹಿಡಿದದ್ದು ಹೆಚ್ಚು ಸತ್ವದ ಕ್ಷಾರ. ಅನುಮಾಪನದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು.

ಇದಕ್ಕೆ ಎರಡು ವರ್ಷ ಮೊದಲು, 1754ರಲ್ಲಿ, ಫ್ರಾನ್ಸಿನ ರುಯೆಲ್ ಆಮ್ಲದೊಂದಿಗೆ ಸೇರಿ ಅದಕ್ಕೆ ಘನ ಲವಣದ ರೂಪ ಕೊಡುವ ವಸ್ತುವನ್ನು ಲವಣದ 'ತಳಹದಿ' ಎಂದು ಕರೆದಿದ್ದ. ಇಂಗ್ಲಿಷಿನ 'ಬೇಸ್' ಎಂಬ ಪಾರಿಭಾಷಿಕ ಪದದ ಹಿನ್ನೆಲೆ ಇದೇ. ಜರ್ಮನಿಯ ರಿಕ್ಟರ್ 1792ರಿಂದ ಈ ಪ್ರಮಾಣಗಳನ್ನು ತೂಗಿ ಅಳೆದ. ಅವನ ಅಂಕಿಗಳನ್ನು 1802ರಲ್ಲಿ ಫಿಷರ್ ಒಂದೇ ಕೋಷ್ಟಕಕ್ಕೆ ತಂದ. ಅದರಂತೆ 1000 ಭಾಗ ಸಲ್ಫ್ಯೂರಿಕ್ ಆಮ್ಲವನ್ನು ತಟಸ್ಥಗೊಳಿಸಲು 859 ಭಾಗ ಸೋಡ ಅಥವಾ 793 ಭಾಗ ಸುಣ್ಣ ಬೇಕು. ಸುಣ್ಣಕ್ಕೂ ಸೋಡಕ್ಕೂ ಇರುವ ಅನುಪಾತ 0.92. ಇಂದಿನ ಲೆಕ್ಕದಲ್ಲಿ ಕ್ಯಾಲ್ಸಿಯಂ ಆಕ್ಸೈಡ್ 56, ಸೋಡಿಯಂ ಆಕ್ಸೈಡ್ 62, ಅನುಪಾತ 0.90. ಪರಮಾಣು ತೂಕಗಳೇ ತಿಳಿಯದ ಕಾಲದಲ್ಲಿ ಬರಿಯ ತಕ್ಕಡಿಯಿಂದ ಬಂದ ಉತ್ತರವಿದು! 1806ರಲ್ಲಿ ದೆಕ್ರುವಾಸಿಲ್ ಕ್ಷಾರಮಾಪಕವನ್ನು ವಿವರಿಸಿದ. 1824ರಲ್ಲಿ ಗೇ ಲುಸಾಕ್ ಬ್ಯೂರೆಟ್, ಪಿಪೆಟ್ ಎಂಬ ಹೆಸರುಗಳನ್ನು ಬಳಕೆಗೆ ತಂದ.

ತರಗತಿಯಲ್ಲಿ

ಹೋಮ್ ಕೇಳಿದ ಪ್ರಶ್ನೆಯನ್ನು ವಿದ್ಯಾರ್ಥಿಗಳೂ ಕೇಳಬಹುದು. 10 ಗ್ರಾಂ ಸೌಳು ಮಣ್ಣನ್ನು 100 ಮಿ.ಲೀ. ನೀರಿನಲ್ಲಿ ಕಲಕಿ, ತಿಳಿಯಾಗಲು ಬಿಟ್ಟು ಸೋಸಿರಿ. 10 ಮಿ.ಲೀ. ತಿಳಿಗೆ ಮೀಥೈಲ್ ಆರೆಂಜ್ ಸೇರಿಸಿ, 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಬ್ಯೂರೆಟ್ಟಿನಿಂದ ಹನಿಹನಿಯಾಗಿ ಬಿಡಿರಿ. ಹಳದಿ ಬಣ್ಣ ಕಿತ್ತಳೆಗೆ ತಿರುಗಿದಾಗ ನಿಲ್ಲಿಸಿರಿ. ಕ್ಷಾರವೆಲ್ಲ ಸೋಡಿಯಂ ಕಾರ್ಬೋನೇಟ್ ಎಂದಿಟ್ಟುಕೊಂಡರೆ ಪ್ರತಿ ಮಿ.ಲೀ. ಆಮ್ಲಕ್ಕೆ 5.3 ಮಿಲಿಗ್ರಾಂ. ಲಿಟ್ಮಸ್ ಬಳಸಿದರೆ ದ್ರಾವಣದಲ್ಲಿ ಉಳಿಯುವ ಇಂಗಾಲದ ಡೈಆಕ್ಸೈಡ್ ದಾರಿ ತಪ್ಪಿಸೀತು. ಅಷ್ಟೇ ಆಮ್ಲವನ್ನು ಸೂಚಕವಿಲ್ಲದ ಇನ್ನೊಂದು 10 ಮಿ.ಲೀ. ತಿಳಿಗೆ ಸೇರಿಸಿ ಆವಿಯಾಗಿಸಿದರೆ ಲವಣ ಸಿಗುತ್ತದೆ. ಆದರೆ ಅದರಲ್ಲಿ ಮಣ್ಣಿನಲ್ಲಿ ಮೊದಲೇ ಇದ್ದ ಲವಣಗಳೂ ಇರುತ್ತವೆ. ಅದನ್ನು ರುಚಿ ನೋಡಬಾರದು.

ಸೌಳು ಹೊಲದ ರೈತನಿಗೆ ಈ ಅಳತೆ ಬರಿಯ ಪಾಠವಲ್ಲ. ಕ್ಷಾರ ಹೆಚ್ಚಿದ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ, ಮೊಳಕೆ ಏಳುವುದಿಲ್ಲ. ಜಿಪ್ಸಂ ಹಾಕಿದರೆ ಸೋಡಿಯಂ ಕಾರ್ಬೋನೇಟ್ ಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬೋನೇಟ್ ಮತ್ತು ನೀರಿನಲ್ಲಿ ಬಸಿದು ಹೋಗಬಲ್ಲ ಸೋಡಿಯಂ ಸಲ್ಫೇಟ್ ಉಂಟಾಗುತ್ತವೆ. ಇದು ಆಮ್ಲ ಬೆರೆಸುವ ತಟಸ್ಥೀಕರಣವಲ್ಲ. ಆದರೆ ಪ್ರಮಾಣದ ನಿಯಮ ಒಂದೇ. ಕಡಿಮೆ ಹಾಕಿದರೆ ಫಲವಿಲ್ಲ, ಹೆಚ್ಚು ಹಾಕಿದರೆ ಹಣ ದಂಡ. ಎಷ್ಟು ಬೇಕೆಂದು ಹೇಳಬೇಕಾದದ್ದು ಮಣ್ಣು ಪರೀಕ್ಷೆ. ಹೊಲದ ಮಣ್ಣನ್ನು ಪರೀಕ್ಷೆಗೆ ಕಳುಹಿಸುವ ಮನೆಯಲ್ಲಿ ಬ್ಯೂರೆಟ್ ಹಿಡಿದು ಕಲಿತ ವಿದ್ಯಾರ್ಥಿಯೊಬ್ಬರಿದ್ದರೆ ಆ ವರದಿಯ ಅಂಕಿಗಳು ಮನೆಯವರಿಗೆ ಅರ್ಥವಾದಾವು.