ವಿದ್ಯಾರ್ಥಿಯ ದಾರಿಖರ್ಚು

ಅಮರಕೋಶದಲ್ಲಿ ಶಿಷ್ಯನಿಗೆ ಹೇಳಿರುವ ಹೆಸರುಗಳಲ್ಲಿ ‘ಅಂತೇವಾಸಿ’ ಎಂಬುದೊಂದು. ಅಂತೇ ಎಂದರೆ ಸಮೀಪದಲ್ಲಿ. ಅಂತೇವಾಸಿ ಎಂದರೆ ಗುರುವಿನ ಸಮೀಪದಲ್ಲೇ ವಾಸಿಸುವವನು. ಓದುವುದಕ್ಕೆ ಹೊರಟವನು ಮನೆ ಬಿಟ್ಟು ಗುರುವಿನ ಮನೆ ಸೇರಬೇಕು, ಓದು ಮುಗಿದ ಮೇಲೆ ಮರಳಬೇಕು ಎಂಬ ಏರ್ಪಾಡೇ ಈ ಮಾತಿನಲ್ಲಿ ಅಡಗಿದೆ. ಬೆಳಗ್ಗೆ ಮನೆಯಲ್ಲಿ ಉಂಡು, ಹದಿನೈದು ಇಪ್ಪತ್ತು ಮೈಲಿ ಬಸ್ಸಿನಲ್ಲಿ ಹೋಗಿ ಪಾಠ ಕೇಳಿ, ಸಂಜೆ ಮತ್ತೆ ಮನೆಗೇ ಬರುವ ವಿದ್ಯಾರ್ಥಿಗೆ ನಮ್ಮ ಹಳೆಯ ಕೋಶಗಳಲ್ಲಿ ಹೆಸರಿಲ್ಲ. ಅವನು ಈಚಿನವನು. ಅವನ ದಾರಿಖರ್ಚಿನ ಸಮಸ್ಯೆಯೂ ಅವನಷ್ಟೇ ಈಚಿನದು. ಆದರೆ ದೂರದಿಂದ ಬಂದ ವಿದ್ಯಾರ್ಥಿಯ ಭಾರವನ್ನು ಹೊರುವವರು ಯಾರು ಎಂಬ ಪ್ರಶ್ನೆ ಮಾತ್ರ ಬಹು ಹಳೆಯದು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನವನ್ನು ನೀವು ಕೇಳಿಯೇ ಇರುತ್ತೀರಿ. ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ ಸಂಗತಿ ಅದರಲ್ಲಿದೆ. ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾದದ್ದು, ಮಯೂರಶರ್ಮ ದರ್ಭೆಯನ್ನು ಬಿಟ್ಟು ಕತ್ತಿ ಹಿಡಿದದ್ದು ಎಲ್ಲರಿಗೂ ಗೊತ್ತು. ತಾಳಗುಂದದಿಂದ ಕಂಚಿಗೆ ನೂರಾರು ಮೈಲಿ. ದಾರಿಯಲ್ಲಿ ಅನ್ನವಿಟ್ಟವರು ಯಾರು, ಇರುಳು ಜಗಲಿ ಕೊಟ್ಟವರು ಯಾರು ಎಂಬುದನ್ನು ಕವಿ ಕುಬ್ಜನು ಹೇಳುವ ಗೋಜಿಗೆ ಹೋಗಲಿಲ್ಲ. ರಾಜವಂಶದ ಪ್ರಶಸ್ತಿಯಲ್ಲಿ ಬುತ್ತಿಗಂಟಿಗೆ ಎಡೆಯೆಲ್ಲಿ?

ಆ ಎಡೆ ಸಿಕ್ಕಿರುವುದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಶಾಸನದ ಕಾಲ ಶಕ 867, ಎಂದರೆ ಕ್ರಿ. ಶ. 945. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಅವರ ವಸತಿಗಾಗಿ 27 ಮನೆಗಳನ್ನು ಬಿಟ್ಟುಕೊಡಲಾಗಿತ್ತು. ರಾತ್ರಿ ಓದುವ ದೀಪದ ಎಣ್ಣೆಗೆಂದು ಬೇರೆ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ ಭೂಮಿ. ಇಷ್ಟೆಲ್ಲ ಧನಿಕನೊಬ್ಬನ ಔದಾರ್ಯ ಎನ್ನಬಹುದು. ನನಗೆ ಹೆಚ್ಚಿನದಾಗಿ ತೋರುವುದು ಅದರ ಮುಂದಿನ ಮಾತು: ಊರಿನಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ನಾಣ್ಯವನ್ನು ಆ ಶಾಲೆಗೆ ಸಲ್ಲಿಸಬೇಕೆಂದು ಕಟ್ಟಳೆ. ಪರದೇಶದ ಹುಡುಗನ ಓದಿಗೆ ಊರಿನ ಒಂದೊಂದು ಮನೆಯ ಶುಭಕಾರ್ಯದಲ್ಲೂ ಒಂದು ಪಾಲು! ಆ ಶಾಲೆ ವೇದಾಧ್ಯಯನದ ಶಾಲೆಯಾಗಿತ್ತು, ಅದರ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಒಂಬೈನೂರಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೂ ಈ ಪದ್ಧತಿಯ ತಿರುಳು ಹೆಚ್ಚೇನೂ ಬದಲಾಗಲಿಲ್ಲ. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಆದರೆ ಆಗ ಅದರ ಕಾಲೇಜುಗಳಿದ್ದದ್ದು ಮೈಸೂರು, ಬೆಂಗಳೂರು ಎರಡೇ ಊರುಗಳಲ್ಲಿ. ಮಲೆನಾಡಿನ ಹುಡುಗ ದಿನವೂ ಹೋಗಿಬರುವುದುಂಟೆ? ತೀರ್ಥಹಳ್ಳಿಯ ಕಡೆಯಿಂದ ಬಂದ ಕುವೆಂಪು ಅವರಿಗೆ ಮೈಸೂರಿನ ಶ್ರೀ ರಾಮಕೃಷ್ಣಾಶ್ರಮ ಆಶ್ರಯವಾಯಿತು. ಉತ್ತರದವರ ಪಾಡು ಇನ್ನೂ ಕಷ್ಟ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ ಪದವಿ ಬೇಕೆಂದವರು ಪುಣೆಗೋ ಮುಂಬಯಿಗೋ ನಡೆಯಬೇಕಾಗಿತ್ತು. ಬೇಂದ್ರೆಯವರು ಓದಿದ್ದು ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ. ಬಡವರ ಮಕ್ಕಳಿಗೆ ವಾರಾನ್ನ, ಸಂಘಸಂಸ್ಥೆಗಳ ಉಚಿತ ವಿದ್ಯಾರ್ಥಿನಿಲಯ, ಸಿದ್ಧಗಂಗೆಯಂಥ ಮಠಗಳ ದಾಸೋಹ ಇವೇ ಗತಿ. ಸಹಾಯವೆಲ್ಲ ಅನ್ನ ಮತ್ತು ಸೂರಿನ ರೂಪದಲ್ಲಿಯೇ ಇತ್ತು. ದಾರಿಖರ್ಚು ವರ್ಷಕ್ಕೆ ಎರಡು ಸಲದ ಮಾತು.

ಇದನ್ನು ಬದಲಾಯಿಸಿದ್ದು ಬಸ್ಸು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಸೇವೆಯನ್ನು ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ಬಸ್ಸಿನ ಹಾದಿ ಹೋಬಳಿಗಳನ್ನು ಮುಟ್ಟಿತು, ಕಾಲೇಜುಗಳು ಜಿಲ್ಲೆ ತಾಲ್ಲೂಕುಗಳಿಗೆ ಬಂದವು. ಮನೆಯಲ್ಲಿಯೇ ಇದ್ದು ಓದುವ ವಿದ್ಯಾರ್ಥಿ ಹುಟ್ಟಿಕೊಂಡನು. ಅದಕ್ಕಿಂತ ಮುಖ್ಯವಾಗಿ, ವಿದ್ಯಾರ್ಥಿನಿ ಹುಟ್ಟಿಕೊಂಡಳು. ಮಗಳನ್ನು ಪರಸ್ಥಳದಲ್ಲಿ ಇರಿಸಲು ಒಪ್ಪದ ತಂದೆತಾಯಿ ಸಂಜೆಗೆ ಮನೆಗೆ ಬರುವುದಾದರೆ ಹೋಗಲಿ ಎಂದರು.

ಇಲ್ಲಿ ಒಂದು ಸೂಕ್ಷ್ಮವುಂಟು. ವಿದ್ಯಾರ್ಥಿನಿಲಯದ ಹುಡುಗನಿಗೆ ಮನೆಯಿಂದ ಒಂದು ಮೂಟೆ ರಾಗಿ ಕಳಿಸಿದರೂ ನಡೆದೀತು. ಅಂಗಡಿಯವನು ಅಕ್ಕಿಯನ್ನು ಕಡ ಕೊಟ್ಟಾನು. ಕಂಡಕ್ಟರು ಕಡ ಕೊಡುವವನಲ್ಲ. ಬಸ್ಸಿನ ಹಣ ದಿನ ದಿನವೂ ಕೈಯಲ್ಲಿರಬೇಕು, ನಗದಾಗಿಯೇ ಇರಬೇಕು. ಬೆಳೆ ಬಂದಾಗ ಮಾತ್ರ ಕಾಸು ಕಾಣುವ ರೈತನ ಮನೆಯಲ್ಲಿ, ವಾರದ ಕೂಲಿಯ ಮನೆಯಲ್ಲಿ, ಈ ಚಿಲ್ಲರೆ ಹಣವೇ ದೊಡ್ಡ ಗೋಡೆ. ಶುಲ್ಕ ಮಾಫಿಯಾದ ಮಕ್ಕಳೂ ಮುಗ್ಗರಿಸುವುದು ಇಲ್ಲಿ. ಮೊದಲು ವಾರಕ್ಕೊಂದು ದಿನ ತಪ್ಪುತ್ತದೆ, ಆಮೇಲೆ ಎರಡು, ಆಮೇಲೆ ಹಾಜರಿ ಸಾಲದೆ ಪರೀಕ್ಷೆಯೇ ತಪ್ಪುತ್ತದೆ.

ರಿಯಾಯಿತಿ ಪಾಸು ಬಂದದ್ದು ಈ ಗೋಡೆಯನ್ನು ದಾಟಿಸುವುದಕ್ಕೆ. ಅದರ ಲೆಕ್ಕಾಚಾರ ಸಾಲೋಟಗಿಯವರಿಗೆ ತಿಳಿಯದ್ದೇನಲ್ಲ: ದರದ ಒಂದು ಪಾಲನ್ನು ವಿದ್ಯಾರ್ಥಿ ಕೊಡುತ್ತಾನೆ, ಮತ್ತೊಂದನ್ನು ಸರಕಾರ ತುಂಬಿಕೊಡಬೇಕು, ಉಳಿದದ್ದನ್ನು ನಿಗಮ ತಾನೇ ಹೊರುತ್ತದೆ. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ಇನ್ನೂ ಹೆಚ್ಚಿನ ವಿನಾಯಿತಿ. ರೈಲ್ವೆಯವರೂ ವಿದ್ಯಾರ್ಥಿಗಳಿಗೆ ಸೀಸನ್ ಟಿಕೆಟ್ಟನ್ನು ಕಡಮೆ ದರದಲ್ಲಿ ಕೊಡುತ್ತಾರೆ. ಎರಡನೆಯ ದರ್ಜೆಯಲ್ಲಿ ಹುಡುಗಿಯರಿಗೆ ಪದವಿಯವರೆಗೆ, ಹುಡುಗರಿಗೆ ಹನ್ನೆರಡನೆಯ ತರಗತಿಯವರೆಗೆ ಅದು ಉಚಿತವೇ ಆಗಿದೆ. ‘ಪಾಸು’ ಎಂಬ ಒಂದೇ ಮಾತು ನಮ್ಮಲ್ಲಿ ಬಸ್ಸಿಗೂ ಪರೀಕ್ಷೆಗೂ ಸಲ್ಲುವುದು ಕೇವಲ ಆಕಸ್ಮಿಕ. ಆದರೆ ಮೊದಲನೆಯದಿಲ್ಲದೆ ಎರಡನೆಯದಾಗದವರು ಎಷ್ಟೋ ಮಂದಿ.

2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ ಈ ಕಥೆಯ ಹೊಸ ಅಧ್ಯಾಯ. ರಾಜ್ಯದ ಹೆಣ್ಣುಮಕ್ಕಳಿಗೆಲ್ಲ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಪುಕ್ಕಟೆ ಕೊಟ್ಟರೆ ಬೆಲೆಯಿರುವುದಿಲ್ಲ ಎಂದು ಮೂಗೆಳೆಯುವವರನ್ನು ನೀವೂ ಕೇಳಿದ್ದೀರಿ. ಅಣ್ಣನಿಗೆ ಪಾಸು ಕೊಂಡ ಮೇಲೆ ಉಳಿದರೆ ತಂಗಿಗೆ ಎನ್ನುವ ಮನೆಗಳನ್ನು ಬಲ್ಲ ನನಗೆ ಆ ಮಾತು ಒಪ್ಪಿಗೆಯಿಲ್ಲ. ಆದರೆ ಉಚಿತವೆಂದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಕರಾವಳಿಯಲ್ಲಿ ಬಹುಪಾಲು ಹಾದಿಗಳು ಖಾಸಗಿ ಬಸ್ಸಿನವರದು. ಆ ಬಸ್ಸುಗಳಿಗೆ ಶಕ್ತಿ ಅನ್ವಯಿಸದು. ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಓದಲು ಬರುವ ಕಾಸರಗೋಡಿನ ಕನ್ನಡದ ಹುಡುಗಿಗೆ ಅದು ದೊರೆಯದು. ಬಸ್ಸೇ ಇಲ್ಲದ ಹಳ್ಳಿಗಂತೂ ಪಾಸೂ ಒಂದೇ, ಪುಕ್ಕಟೆಯೂ ಒಂದೇ. ಬೆಳಗ್ಗೆ ತುಂಬಿ ಬಂದ ಬಸ್ಸು ನಿಲ್ಲಿಸದೆ ಹೋದರೆ ಮೊದಲ ಪಾಠ ಹೋಯಿತು. ಕೊನೆಯ ಬಸ್ಸು ಬೇಗ ಹೊರಟರೆ ವಿಜ್ಞಾನದ ಹುಡುಗಿ ಪ್ರಯೋಗವನ್ನು ಅರ್ಧಕ್ಕೇ ಬಿಟ್ಟು ಓಡಬೇಕು. ಸರಕಾರ ತುಂಬಬೇಕಾದ ಪಾಲು ಬಾಕಿ ನಿಂತರೆ ನಿಗಮವು ಹೊಸ ಬಸ್ಸನ್ನು ಎಲ್ಲಿಂದ ತಂದೀತು?

ನಿಮ್ಮ ಮನೆಯಲ್ಲಿ ಈ ವರ್ಷ ಕಾಲೇಜಿಗೆ ಸೇರುವ ಹುಡುಗನಿದ್ದರೆ, ಪಾಸಿನ ಅರ್ಜಿಯನ್ನು ಈಗ ‘ಸೇವಾಸಿಂಧು’ವಿನ ಮೂಲಕ ಗಣಕಯಂತ್ರದಲ್ಲಿಯೇ ತುಂಬಬೇಕು. ಕಾಲೇಜಿಗೆ ಸೇರಿದ ದಾಖಲೆಗಳನ್ನು ಕೈಯಲ್ಲಿಟ್ಟುಕೊಳ್ಳಿ. ಪಕ್ಕದ ಮನೆಯಲ್ಲಿ ಅಂಥ ಹುಡುಗನಿದ್ದು, ಮನೆಯಲ್ಲಿ ಅರ್ಜಿ ತುಂಬಬಲ್ಲವರು ಇಲ್ಲದಿದ್ದರೆ, ಅವನನ್ನು ಒಂದು ಸಂಜೆ ಕರೆದು ಕೂರಿಸಿಕೊಳ್ಳಿ. ಅರ್ಧ ಗಂಟೆಯ ಕೆಲಸ.