ಗಾಲಿ ಮೇಲಿನ ಮನೆಯ ಕಕ್ಕಸು

ಅಮೆರಿಕದ ಮೋಟರ್‌ಹೋಮ್‌ಗಳ ಫೋಟೋ ನೀವೆಲ್ಲ ನೋಡಿರ್ತೀರಿ. ಒಳಗೇ ಹಾಸಿಗೆ, ಒಲೆ, ಫ್ರಿಜ್ಜು, ಬಚ್ಚಲು. ನೀರು, ಕರೆಂಟು, ಚರಂಡಿ ಯಾವ ಸಂಪರ್ಕವೂ ಇಲ್ಲದ ಬಯಲಲ್ಲಿ ನಿಲ್ಲಿಸಿಕೊಂಡು ದಿನಗಟ್ಟಲೆ ಇದ್ದುಬಿಡ್ತಾರೆ. ಎಲ್ಲಾ ಸರಿ ಸ್ವಾಮಿ, ಬೆಳಗ್ಗೆ ಎದ್ದು 'ಹೋಗಿದ್ದು' ಎಲ್ಲಿಗೆ ಹೋಗುತ್ತೆ? ಈ ಪ್ರಶ್ನೆಗೆ ನೂರು ವರ್ಷ ಮೀರಿದ ಇತಿಹಾಸ ಇದೆ. ಮೂಗು ಮುಚ್ಕೊಂಡು ಓದಿ :)

1910ರಲ್ಲಿ ಪಿಯರ್ಸ್-ಆ್ಯರೋ ಕಂಪನಿ 'ಟೂರಿಂಗ್ ಲ್ಯಾಂಡೋ' ಅನ್ನೋ ಕಾರು ತಂದಿತು. ಹಾಸಿಗೆಯಾಗುವ ಸೀಟು, ಮಡಚುವ ಸಿಂಕು, ಡ್ರೈವರ್ ಜೊತೆ ಮಾತಾಡೋಕೆ ಫೋನು, ಜೊತೆಗೊಂದು ಮಲದ ಪಾತ್ರೆ. ಅಂಥ ಕಾರು ಕೊಳ್ಳುವವರು ಪಾತ್ರೆಯನ್ನ ತಾವೇ ಚೆಲ್ಲುತ್ತಿದ್ದರು ಅಂತ ನನಗಂತೂ ಅನ್ನಿಸೋದಿಲ್ಲ!

ಆಮೇಲೆ ಸಾಮಾನ್ಯರೂ ಫೋರ್ಡ್ ಕಾರು ಹತ್ತಿ ಹೊರಟರು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಅಂತ ಸಂಘ ಕಟ್ಟಿಕೊಂಡರು. ಬಿಡಾರದ ಜಾಗ ಚೊಕ್ಕಟವಾಗಿ ಇಡಬೇಕು ಅನ್ನೋದು ಸಂಘದ ನೀತಿಗಳಲ್ಲೊಂದು. ಊರೂರಲ್ಲಿ ಇಂಥವರಿಗಾಗಿ ಪುಕ್ಕಟೆ ಮೈದಾನಗಳಿದ್ದವು. 1920ರ ದಶಕದ ನಡುವಿನ ಹೊತ್ತಿಗೆ ಅನೇಕ ಊರುಗಳು ಕಾಸು ಕೇಳತೊಡಗಿದವು. ಬಡವರು ಬಂದು ಠಿಕಾಣಿ ಹೂಡಬಾರದು ಅನ್ನೋ ಲೆಕ್ಕವೂ ಅದರಲ್ಲಿತ್ತು.

ಮುಂದೆ ಟ್ರೈಲರ್‌ಗಳೊಳಗೇ ಕಕ್ಕಸು ಬಂತು. ಟ್ಯಾಂಕು ಬರಲಿಲ್ಲ. ಪೈಪು ಸೀದಾ ಕೆಳಕ್ಕೆ. ಚರಂಡಿ ಇದ್ದರೆ ಅದಕ್ಕೆ, ಇಲ್ಲದಿದ್ದರೆ ಕೆಳಗೊಂದು ಬಕೆಟ್ಟು ಅಥವಾ ಗುಂಡಿ. (ನಮ್ಮ ರೈಲಿನ ಹಳಿಗಳು ನೆನಪಾದವಾ?) 1957ರಲ್ಲಿ ಏರ್‌ಸ್ಟ್ರೀಮ್ ಕಂಪನಿ, ಹೊರಗಿನ ಯಾವ ಸಂಪರ್ಕವೂ ಬೇಡದ ಟ್ರೈಲರ್ ಅಂತ 'ಇಂಟರ್‌ನ್ಯಾಷನಲ್' ಅನ್ನು ಮಾರುಕಟ್ಟೆಗೆ ಬಿಟ್ಟಿತು. ಕಕ್ಕಸಿನದು ಕಪ್ಪು ಟ್ಯಾಂಕು. ಸ್ನಾನ, ಪಾತ್ರೆ ತೊಳೆದ ನೀರಿಗೆ ಬೂದು ಟ್ಯಾಂಕು. ಇದು ಬಂದಿದ್ದು ತಡವಾಗಿ. ಅಲ್ಲೀತನಕ ಆ ನೀರು ಎಷ್ಟೋ ಕಡೆ ನೆಲಕ್ಕೇ.

ಈ ಟ್ಯಾಂಕಿಗೂ ಒಂದು ಶಾಸ್ತ್ರ ಇದೆ ನೋಡಿ. ಕಪ್ಪು ಟ್ಯಾಂಕಿನ ವಾಲ್ವ್ ತೆರೆದೇ ಇಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿ ಪದಾರ್ಥ ಗುಡ್ಡೆಯಾಗಿ ಕೂರುತ್ತೆ. ಅದಕ್ಕೇ ಮುಕ್ಕಾಲು ತುಂಬುವ ತನಕ ಮುಚ್ಚಿಟ್ಟು, ಒಂದೇ ಸಲ ಬಿಡಬೇಕು. ಮೊದಲು ಕಪ್ಪು, ಆಮೇಲೆ ಬೂದು. ಸೋಪಿನ ನೀರು ಪೈಪು ತೊಳೆದುಕೊಂಡು ಹೋಗುತ್ತೆ. ಬಯಲಲ್ಲಿ ಇರುವವರು ಗಾಲಿಯಿರುವ ಪ್ಲಾಸ್ಟಿಕ್ ಡಬ್ಬಿಗೆ ಇಳಿಸಿಕೊಂಡು, ಗಾಡಿಯ ಹಿಂದೆ ಕಟ್ಟಿ, ಮೆಲ್ಲಗೆ ಡಂಪ್ ಸ್ಟೇಷನ್‌ಗೆ ಎಳೆದೊಯ್ತಾರೆ. ಇಲ್ಲವೇ ಪಂಪಿನ ಲಾರಿ ಕರೆಸುತ್ತಾರೆ. ಆ ಲಾರಿಗೆ ಹೆಸರು 'ಹನಿ ವ್ಯಾಗನ್', ಜೇನಿನ ಗಾಡಿ!

ಅರಿಜೋನಾದ ಕ್ವಾರ್ಟ್ಜ್‌ಸೈಟ್ ಮರುಭೂಮಿಗೆ ಚಳಿಗಾಲದಲ್ಲಿ ಇಂಥವರ ಜಾತ್ರೆಯೇ ಸೇರುತ್ತೆ, ಹೆಚ್ಚಿನವರು ನಿವೃತ್ತರು. ಅದು ಸರ್ಕಾರಿ ಜಮೀನು. 1983ರಲ್ಲಿ ಭೂ ನಿರ್ವಹಣಾ ಇಲಾಖೆ ಈ ಭಾಗದ ಮರುಭೂಮಿಯಲ್ಲಿ ದೀರ್ಘಕಾಲ ತಂಗುವವರಿಗೆಂದೇ ಜಾಗಗಳನ್ನು ಗುರುತಿಸಿತು. ಕ್ವಾರ್ಟ್ಜ್‌ಸೈಟ್ ಪಕ್ಕದ ಲಾ ಪೋಸಾದಲ್ಲಿ ಡಂಪ್ ಸ್ಟೇಷನ್ನೂ ಇದೆ. ಸೌಕರ್ಯವಿಲ್ಲದ ಜಾಗಗಳಿಗೆ ಒಂದು ಷರತ್ತು ಬಂತು: ಗಾಡಿಗೆ ಕಾಯಂ ಆಗಿ ಜೋಡಿಸಿದ, ಕನಿಷ್ಠ 10 ಗ್ಯಾಲನ್, ಅಂದರೆ ಸುಮಾರು 38 ಲೀಟರ್ ಹಿಡಿಯುವ ಕೊಳಚೆ ಟ್ಯಾಂಕು ಇರಲೇಬೇಕು.

ಮರುಭೂಮಿ ಹೊಲಸಾಗಬಾರದು, ಒಪ್ಪೋಣ. ಆದರೆ ಟೆಂಟು ಹೊತ್ತುಕೊಂಡು ಬರುವವನಿಗೆ ಆ ಜಾಗಗಳಲ್ಲಿ ಚಳಿಗಾಲ ಕಳೆಯುವ ಅವಕಾಶ ಇಲ್ಲ. ಜಮೀನೇನೋ ಅವನದೂ ಹೌದು, ಟ್ಯಾಂಕು ಮಾತ್ರ ಇಲ್ಲ.